ಅಮ್ಮನಿಗೆ ಆಪ್ ಕಲಿಸಬೇಡಿ, ಮನೆಯ ವೈ-ಫೈ ಹೆಸರು ಬದಲಾಗದಂತೆ ನೋಡಿಕೊಳ್ಳಿ

ವಾಸ್ಕೋದಲ್ಲಿ ಒಬ್ಬರೇ ಇರುವ ಅಮ್ಮನಿಗೆ ಸ್ಮಾರ್ಟ್ ಬಲ್ಬು, ಗೀಸರಿಗೆ ಸ್ಮಾರ್ಟ್ ಪ್ಲಗ್ಗು ಹಾಕಿಸಬೇಕು, ಅವರೇ ಕನೆಕ್ಟ್ ಮಾಡಿಕೊಳ್ಳುವಷ್ಟು ಸುಲಭದ ಆಪ್ ಯಾವುದು ಎಂದು ಕೇಳಿದ್ದೀರಿ. ನಾನು ಮುಂಬೈ ಪಕ್ಕದ ಥಾಣೆಯಲ್ಲಿದ್ದೇನೆ, ಅಪ್ಪ-ಅವ್ವ ಪುಣೆಯ ಕೋಥ್ರೂಡಿನಲ್ಲಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಬಹಳ ಅಲೆದಿದ್ದೇನೆ.

ಅವ್ವ ರಾತ್ರಿ ಏಳುತ್ತಾಳೆ. ಬಚ್ಚಲುಮನೆಗೆ ಹೋಗುವ ಪ್ಯಾಸೇಜಿನ ಸ್ವಿಚ್ ಇರುವುದು ಆ ಕೊನೆಗೆ. ಹಾಗಾಗಿ ಪ್ಯಾಸೇಜಿಗೂ ಬಚ್ಚಲಿನ ಮುಂದೆಯೂ ವೈ-ಫೈ ಬಲ್ಬು ಹಾಕಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಂದವಾಗಿ ಉರಿಯುವಂತೆ ಟೈಮರ್ ಇಟ್ಟೆ. ಗೋಡೆಯ ಸ್ವಿಚ್ ಆರಿಸಿದರೆ ಇಂಥ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಆಪಿನಿಂದ ಏನೂ ಮಾಡಲಾಗದು. ಅದಕ್ಕೆ ಸ್ವಿಚ್ಚುಗಳನ್ನು ಆನ್ ಮಾಡಿ ಮೇಲೆ ಟೇಪ್ ಅಂಟಿಸಿ, "ಇದನ್ನ ಮುಟ್ಟಬ್ಯಾಡ್ರಿ" ಅಂತ ಹೇಳಿ ಬಂದೆ. ಎಲ್ಲ ಚೆನ್ನಾಗಿಯೇ ನಡೆಯಿತು. ಅವ್ವ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದಳು.

ಆಮೇಲೆ ಬ್ರಾಡ್‌ಬ್ಯಾಂಡ್ ಬದಲಾಯಿಸಿದೆವು. ಹೊಸ ರೌಟರ್ ಹಚ್ಚಲು ಬಂದ ಹುಡುಗ ವೈ-ಫೈಗೆ ಏನು ಹೆಸರಿಡಲಿ ಎಂದನಂತೆ. ಅಪ್ಪ ನನಗೆ ಫೋನ್ ಮಾಡಿದರು. ನಾನು ಕೆಲಸದ ಗಡಿಬಿಡಿಯಲ್ಲಿ "ನಿಮ್ಮ ಹೆಸರೇ ಇಡಸ್ರಿ" ಅಂದುಬಿಟ್ಟೆ. ನಮಗೆ ತುಟ್ಟಿಯಾಗಿದ್ದು ಈ ಒಂದು ಮಾತು. ಯಾಕೆಂದು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬಲ್ಬಿಗೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಮೊದಲ ದಿನ ನಿಮ್ಮ ಫೋನು ಅದಕ್ಕೆ ಎರಡು ಸಂಗತಿ ತಿಳಿಸುತ್ತದೆ: ಮನೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡ್. ಬಲ್ಬು ಅವನ್ನು ಬರೆದಿಟ್ಟುಕೊಳ್ಳುತ್ತದೆ, ಕರೆಂಟ್ ಹೋದರೂ ಮರೆಯುವುದಿಲ್ಲ. ಆ ಹೆಸರು ಮನೆಯಲ್ಲಿ ಇಲ್ಲವಾದರೆ ಅದನ್ನೇ ಹುಡುಕುತ್ತ ಕೂರುತ್ತದೆ. ಹೊಸ ಹೆಸರನ್ನು ತಾನಾಗಿ ಕಂಡುಕೊಳ್ಳಲಾರದು. ಆದರೆ ಹೊಸ ರೌಟರಿಗೂ ಹಳೆಯದೇ ಹೆಸರು, ಹಳೆಯದೇ ಪಾಸ್‌ವರ್ಡ್ ಕೊಟ್ಟರೆ ರೌಟರ್ ಬದಲಾದದ್ದೇ ಬಲ್ಬಿಗೆ ಗೊತ್ತಾಗುವುದಿಲ್ಲ, ಸುಮ್ಮನೆ ಸೇರಿಕೊಳ್ಳುತ್ತದೆ. ಇಂಗ್ಲಿಷಿನ ದೊಡ್ಡಕ್ಷರ-ಸಣ್ಣಕ್ಷರ, ನಡುವಿನ ಸ್ಪೇಸ್, ಕೊನೆಯ ಅಂಕಿ ಎಲ್ಲ ಹಾಗೆಯೇ ಇರಬೇಕು. ಭದ್ರತೆಯ ಬಗೆಯೂ ಅಷ್ಟೇ: ರೌಟರಿನಲ್ಲಿ ಡಬ್ಲ್ಯೂಪಿಎ3 ಮಾತ್ರ ಇಟ್ಟರೆ ಅನೇಕ ಅಗ್ಗದ ಬಲ್ಬುಗಳಿಗೆ ಅರ್ಥವಾಗದು, ಡಬ್ಲ್ಯೂಪಿಎ2 ಬೇಕು. ರೌಟರ್ ಹಚ್ಚುವ ಹುಡುಗನಿಗೆ ಇದು ಎರಡು ನಿಮಿಷದ ಕೆಲಸ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ ಫೋನು, ಟೀವಿ ಎಲ್ಲ ನಡೆದವು. ಹೀಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ಬಲ್ಬುಗಳ ಟೈಮರ್ ಇದ್ದದ್ದು ಕಂಪನಿಯ ಸರ್ವರಿನಲ್ಲಿ. ವೈ-ಫೈ ತಪ್ಪಿದ ಮೇಲೆ ರಾತ್ರಿ ಹತ್ತಾದರೂ ದೀಪ ಹತ್ತಲಿಲ್ಲ. ಅವ್ವ ಕತ್ತಲಲ್ಲೇ ನಡೆದು ಹೊಸ್ತಿಲಿಗೆ ಎಡವಿ ಬಿದ್ದಳು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಟೇಪ್ ಕಿತ್ತು ಸ್ವಿಚ್ ಒಮ್ಮೆ ಆರಿಸಿ ಹಾಕಿದ್ದರೆ ಆ ಬಲ್ಬು ಹತ್ತುತ್ತಿತ್ತು. ಅದನ್ನು ಕೇಳಿದಾಗ ಅವ್ವ ಅಂದದ್ದು: "ಮುಟ್ಟಬ್ಯಾಡ ಅಂದಿದ್ದಿ, ಮುಟ್ಟಲಿಲ್ಲ."

ಮರುದಿನ ಫೋನಿನಲ್ಲೇ ಅಪ್ಪನಿಂದ ಸರಿಮಾಡಿಸಲು ನೋಡಿದೆ. ಆ ಬಲ್ಬಿಗೆ ರೀಸೆಟ್ ಗುಂಡಿ ಇಲ್ಲ, ಸ್ವಿಚ್ಚನ್ನು ಬೇಗ ಬೇಗ ಹಲವು ಸಲ ಆರಿಸಿ ಹಾಕಬೇಕು, ಆಗ ಮಿಣುಕುತ್ತದೆ. ಬಳಿಕ ಆಪ್ ಲೊಕೇಶನ್ ಕೇಳಿತು, ಬ್ಲೂಟೂತ್ ಕೇಳಿತು, ಓಟಿಪಿ ಕೇಳಿತು. ಅಪ್ಪ ನಿಂತುಬಿಟ್ಟರು. "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ನೀನ ಹೇಳಿದ್ದೆಲ್ಲೋ?" ಅವರು ಮಾಡಿದ್ದು ಸರಿ. ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ ಎಂದು ನಾವೇ ಹಿರಿಯರಿಗೆ ಕಲಿಸಿದ್ದೇವೆ. ಬಲ್ಬು ಹುಡುಕಲು ಆಪ್ ಸುತ್ತಲಿನ ವೈ-ಫೈ ಹೆಸರುಗಳನ್ನು ನೋಡಬೇಕು, ಆ ಹೆಸರುಗಳಿಂದ ನೀವಿರುವ ಜಾಗ ತಿಳಿಯಬಹುದು ಎಂಬ ಕಾರಣಕ್ಕೆ ಆಂಡ್ರಾಯ್ಡ್ ಲೊಕೇಶನ್ ಅನುಮತಿ ಕೇಳುತ್ತದೆ. ಆದರೆ ಬಲ್ಬಿಗೆ ಯಾಕೆ ನನ್ನ ವಿಳಾಸ ಎಂದು ಎಪ್ಪತ್ತು ದಾಟಿದವರು ಕೇಳಿದರೆ ಆಪಿನಲ್ಲಿ ಉತ್ತರವಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕನೆಕ್ಟ್ ಮಾಡುವುದು ಅಮ್ಮನ ಕೆಲಸ ಆಗಲೇಬಾರದು. ಮೊದಲ ಸಲ ನೀವು ಹೋಗಿ ಮಾಡಿಕೊಡುತ್ತೀರಿ, ಅದು ಕಷ್ಟವಲ್ಲ. ಕಷ್ಟ ಇರುವುದು ನೀವು ಊರಲ್ಲಿಲ್ಲದಾಗ ಎರಡನೇ ಸಲ ಮಾಡಬೇಕಾಗಿ ಬಂದರೆ. ಆ ಎರಡನೇ ಸಲ ಬಾರದಂತೆ ಮಾಡಿ.

ವಾಸ್ಕೋಗೆ ಹೋದಾಗ ವೈ-ಫೈ ಹೆಸರು, ಪಾಸ್‌ವರ್ಡ್ ದೊಡ್ಡಕ್ಷರದಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಕೆಳಗೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆಯಿರಿ: ಹೊಸ ರೌಟರ್ ಬಂದರೂ ಇದೇ ಹೆಸರು, ಇದೇ ಪಾಸ್‌ವರ್ಡ್. ಈಗ ನಮ್ಮ ಮನೆಯಲ್ಲಿ ಅದು ಮರಾಠಿಯಲ್ಲೂ ಇದೆ. ಇನ್ನು ಇಂಥ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಜ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. ಹೊಸ ರೌಟರುಗಳು 2.4, 5 ಗಿಗಾಹರ್ಟ್ಜ್ ಎಂಬ ಎರಡೂ ಬಗೆಯ ವೈ-ಫೈ ಅಲೆಗಳನ್ನು ಒಂದೇ ಹೆಸರಿನಲ್ಲಿ ಬಿಡುವುದರಿಂದ ಫೋನು 5ರಲ್ಲಿದ್ದು ಜೋಡಣೆ ಕೆಲವೊಮ್ಮೆ ಕೈಕೊಡುತ್ತದೆ. ರೌಟರಿನ ಸೆಟ್ಟಿಂಗಿನಲ್ಲಿ 5 ಅನ್ನು ಸ್ವಲ್ಪ ಹೊತ್ತು ಆರಿಸಿ, ಎಲ್ಲ ಸೇರಿದ ಮೇಲೆ ಮತ್ತೆ ಹಾಕಿ. ಕೆಲವು ಪ್ಲಗ್ಗುಗಳು ಜೋಡಣೆಗಾಗಿ ತಾವೇ ಒಂದು ವೈ-ಫೈ ಬಿಡುತ್ತವೆ; ಅದಕ್ಕೆ ಫೋನ್ ಸೇರಿಸುವಾಗ "ಇಂಟರ್ನೆಟ್ ಇಲ್ಲ" ಎಂದು ಫೋನು ಹೊರಗೆ ಜಿಗಿಯುತ್ತದೆ. ಅಷ್ಟು ಹೊತ್ತು ಮೊಬೈಲ್ ಡೇಟಾ ಬಂದ್ ಮಾಡಿ.

ಮ್ಯಾಟರ್ ಗುರುತು ಇರುವುದನ್ನು ಕೊಂಡರೆ ಎಲ್ಲ ಮುಗಿಯಿತು ಎಂದು ಕೆಲವರು ಹೇಳುತ್ತಾರೆ. ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು ಅಮೆಜಾನ್, ಆಪಲ್, ಗೂಗಲ್ ಮುಂತಾದವರು 2019ರಲ್ಲಿ ಸೇರಿ ಆರಂಭಿಸಿ 2022ರಲ್ಲಿ ಹೊರತಂದ ಸಮಾನ ಮಾನದಂಡ ಅದು. ಮೊದಲ ಜೋಡಣೆ ನಿಜಕ್ಕೂ ಹಗುರ: ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಿತು, ಇಲ್ಲವೇ ಪಕ್ಕದ 11 ಅಂಕಿ ಒತ್ತಬೇಕು. ಆ ಕೋಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಬಲ್ಬು ಚಾವಣಿಗೆ ಹೋದ ಮೇಲೆ ಓದಲಾಗದು. ಆದರೆ ವೈ-ಫೈ ಮೇಲೆ ನಡೆಯುವ ಮ್ಯಾಟರ್ ಬಲ್ಬಿಗೂ ಹೆಸರು ಬದಲಾದರೆ ಇದೇ ಗತಿ. ಹಣ ಹೆಚ್ಚಾದರೂ ಹಬ್ (ದೀಪಗಳಿಗೂ ರೌಟರಿಗೂ ನಡುವಿನ ಪೆಟ್ಟಿಗೆ) ಇರುವ ದೀಪಗಳೇ ಹಿರಿಯರ ಮನೆಗೆ ಸರಿ ಎನ್ನುವುದು ನನ್ನ ಅಭಿಪ್ರಾಯ. ಫಿಲಿಪ್ಸ್ ಹ್ಯೂನಲ್ಲಿ ಬಲ್ಬುಗಳು ಜಿಗ್‌ಬೀ ಎಂಬ ಬೇರೆಯೇ ರೇಡಿಯೋ ಮೂಲಕ ಬ್ರಿಡ್ಜ್ ಎಂಬ ಹಬ್ ಜೊತೆ ಮಾತಾಡುತ್ತವೆ, ಬ್ರಿಡ್ಜ್ ಕೇಬಲ್ಲಿನಿಂದ ರೌಟರಿಗೆ ಸೇರುತ್ತದೆ. ರೌಟರ್ ಬದಲಾದರೆ ಆ ಕೇಬಲ್ ಹೊಸದಕ್ಕೆ ಚುಚ್ಚಿದರೆ ಸಾಕು. ಅದನ್ನು ಅಪ್ಪನಿಗೆ ಫೋನಿನಲ್ಲೇ ಹೇಳಬಹುದಿತ್ತು.

ಮತ್ತು ಗೋಡೆಯ ಸ್ವಿಚ್ಚನ್ನು ಅಮ್ಮನಿಂದ ಕಸಿದುಕೊಳ್ಳಬೇಡಿ. ನಾವೀಗ ಪ್ಯಾಸೇಜಿಗೆ ಮಾಮೂಲಿ ಎಲ್‌ಇಡಿ ಹಾಕಿ, ಸ್ವಿಚ್‌ಬೋರ್ಡಿನ ಒಳಗೆ ಆಪಿನಿಂದಲೂ ಗೋಡೆಯ ಸ್ವಿಚ್ಚಿನಿಂದಲೂ ದೀಪ ಹಚ್ಚಿ ಆರಿಸುವ ಚಿಕ್ಕ ರಿಲೇ ಮಾಡ್ಯೂಲ್ ಕೂರಿಸಿದ್ದೇವೆ. ನೆಟ್ ಸತ್ತರೂ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಇದಕ್ಕೆ ಬೋರ್ಡಿನಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ವೈರ್ ಬೇಕು, ಹಳೇ ಮನೆಗಳಲ್ಲಿ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ನಿಗೆ ಮೊದಲೇ ತೋರಿಸಿ.

ಗೀಸರ್ ಬಗ್ಗೆ: 2 ಕಿಲೋವ್ಯಾಟಿನದು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ದೀಪಕ್ಕೆ ಕೊಳ್ಳುವ ಸಣ್ಣ ಪ್ಲಗ್ಗನ್ನು ಅದಕ್ಕೆ ಹಾಕಲೇಬೇಡಿ, ಸುಡುತ್ತದೆ. 16 ಆಂಪಿಯರಿನದನ್ನೇ ತನ್ನಿ, ಅದರ ಮೇಲೆ ಕೈಯಿಂದ ಒತ್ತುವ ಗುಂಡಿ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.