ಬಂಡೆ ಬಿರುಕಿನ ನೀರು, ಊರಿನವರೆಲ್ಲರ ಈಜುಕೊಳ

ಪ್ರಶ್ನೆ: ಕಳೆದ ಜುಲೈಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳು ಬಾರ್ಟನ್ ಸ್ಪ್ರಿಂಗ್ಸ್ ಎಂಬ ಈಜುಕೊಳಕ್ಕೆ ಕರೆದುಕೊಂಡು ಹೋದಳು. ತಳದಲ್ಲಿ ಬಂಡೆ, ಪಾಚಿ, ಮೀನು! ಇದು ಕೊಳವೋ, ಹಳ್ಳವೋ? ಸುಡುಬಿಸಿಲಿನಲ್ಲೂ ನೀರು ಅಷ್ಟು ತಣ್ಣಗಿರುವುದು ಹೇಗೆ? ಇಂಥ ಜಾಗ ಸಾರ್ವಜನಿಕರ ಪಾಲಿಗೆ ಉಳಿದದ್ದಾದರೂ ಹೇಗೆ?
– ನಿವೃತ್ತ ಶಿಕ್ಷಕಿ, ಕೊರಟಗೆರೆ

ಉತ್ತರ: ಎರಡೂ ಹೌದು, ಮೇಡಂ. ಬಾರ್ಟನ್ ಹಳ್ಳದ ಪಾತ್ರಕ್ಕೇ ಒಡ್ಡು ಕಟ್ಟಿ, ಬುಗ್ಗೆಯ ನೀರು ನಿಲ್ಲುವಂತೆ ಮಾಡಿದ ಕೊಳ ಅದು. ವಿಸ್ತಾರ ಸುಮಾರು ಮೂರು ಎಕರೆ. ಹಳ್ಳದ ನೀರನ್ನು ಪಕ್ಕದ ಕಾಲುವೆಯಲ್ಲಿ ಸಾಗಹಾಕುತ್ತಾರೆ. ದೊಡ್ಡ ಮಳೆ ಬಂದರೆ ಮಾತ್ರ ಅದು ಉಕ್ಕಿ ಕೊಳಕ್ಕೆ ನುಗ್ಗುತ್ತದೆ.

ನಿಮ್ಮ ಸೀಮೆಯ ತಲಪರಿಗೆಯಲ್ಲಿ ಮರಳಿನಡಿಯಿಂದ ನೀರು ಜಿನುಗುವುದನ್ನು ನೀವು ಕಂಡಿರುತ್ತೀರಿ. ಆಸ್ಟಿನ್‌ನಲ್ಲಿ ಮರಳಿನ ಬದಲು ಸುಣ್ಣಕಲ್ಲು. ಮೇಲ್ಭಾಗದ ಹಳ್ಳಗಳ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು, ನೆಲದೊಳಗೇ ಹರಿದು, ಇಲ್ಲಿ ಸೆಕೆಂಡಿಗೆ ಸರಾಸರಿ 1,500 ಲೀಟರಿನಷ್ಟು ಮೇಲೇಳುತ್ತದೆ. ಭೂಮಿಯ ಹೊಟ್ಟೆಯಲ್ಲಿದ್ದು ಬರುವುದರಿಂದ ವರ್ಷವಿಡೀ ಅದರ ಉಷ್ಣತೆ 20–21 ಡಿಗ್ರಿ ಸೆಲ್ಸಿಯಸ್. ಸೇದುವ ಬಾವಿಯ ನೀರು ಬೇಸಿಗೆಯಲ್ಲಿ ತಂಪಾಗಿ, ಚಳಿಗಾಲದ ಮುಂಜಾವಿನಲ್ಲಿ ಬೆಚ್ಚಗೆ ತಾಗುವುದಿಲ್ಲವೇ? ಅದೇ ಗುಟ್ಟು.

1837ರ ಹೊತ್ತಿಗೆ ಅಲ್ಲಿ ನೆಲೆಸಿದ ವಿಲಿಯಂ ಬಾರ್ಟನ್ ಬುಗ್ಗೆಗಳಿಗೆ ತಮ್ಮ ಹೆಣ್ಣುಮಕ್ಕಳ ಹೆಸರಿಟ್ಟರು. ನೀವು ಕಂಡ ಕೊಳದ ಮುಖ್ಯ ಬುಗ್ಗೆ ಪಾರ್ಥೀನಿಯಾ, ಪಕ್ಕದ್ದು ಎಲೈಜಾ. ಜಾಗದ ಕೊನೆಯ ಖಾಸಗಿ ಒಡೆಯರು ಮಂಜುಗಡ್ಡೆಯ ವ್ಯಾಪಾರದಲ್ಲಿ ಹಣ ಮಾಡಿದ ಆಂಡ್ರ್ಯೂ ಜಿಲ್ಕರ್. 1917ರಲ್ಲಿ ಅವರು ಬುಗ್ಗೆಯಿದ್ದ ನೆಲವನ್ನು ಊರಿನ ಶಾಲೆಗಳ ಹೆಸರಿಗೆ ಬರೆದುಕೊಟ್ಟರು. ಷರತ್ತು ಒಂದೇ: ನಗರಾಡಳಿತ ಅದನ್ನು ಶಾಲೆಗಳಿಂದ ಒಂದು ಲಕ್ಷ ಡಾಲರಿಗೆ ಕೊಳ್ಳಬೇಕು, ಆ ಹಣ ಮಕ್ಕಳ ಕೈಕಸುಬಿನ ಶಿಕ್ಷಣಕ್ಕೆ ಹೋಗಬೇಕು. ಶಾಲೆಗೆ ದುಡ್ಡು, ಊರಿಗೆ ಉದ್ಯಾನ! ಒಂದೇ ದಾನವನ್ನು ಎರಡು ಕಡೆ ಫಲ ಕೊಡುವಂತೆ ಕಟ್ಟಿದ ಆ ಬುದ್ಧಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಈಗಿನ ಜಿಲ್ಕರ್ ಉದ್ಯಾನಕ್ಕೆ ಬುನಾದಿ ಇದು. ಒಡ್ಡು 1920ರ ದಶಕದ್ದು, ಬಟ್ಟೆ ಬದಲಿಸುವ ಕಟ್ಟಡ 1947ರದ್ದು.

ಆದರೆ ‘ಸಾರ್ವಜನಿಕರು’ ಎಂದರೆ ಯಾರು? ದಶಕಗಳ ಕಾಲ ಕಪ್ಪು ಜನರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. 1960ರಲ್ಲಿ ಜೋನ್ ಮೀನ್ಸ್ ಎಂಬ ಹೈಸ್ಕೂಲ್ ಹುಡುಗಿ ನೀರಿಗಿಳಿದೇ ಪ್ರತಿಭಟಿಸಿದಳು. ಇನ್ನೂ ಹಲವರು ಜೊತೆಗೂಡಿದರು. ಆ ದಶಕದ ಆರಂಭದಲ್ಲೇ ನಿರ್ಬಂಧ ಬಿದ್ದುಹೋಯಿತು. ಕೆರೆಕಟ್ಟೆಯ ಮೆಟ್ಟಿಲಲ್ಲಿ ಜಾತಿ ಕೇಳಿದ ನಾಡಿನವರಾದ ನಮಗೆ ಆ ಹುಡುಗಿಯ ಧೈರ್ಯದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಹೋರಾಟ ನೀರಿನ ಮೂಲಕ್ಕೆ ಸಂಬಂಧಿಸಿದ್ದು. ಸುಣ್ಣಕಲ್ಲಿನ ಬಿರುಕು ಮರಳಿನಂತೆ ಕೊಳೆಯನ್ನು ಸೋಸುವುದಿಲ್ಲ. ಮೇಲಿನ ಬಡಾವಣೆಯ ರಸ್ತೆಗೆ ಸೋರಿದ ಎಣ್ಣೆ ಕೆಲವೇ ದಿನಗಳಲ್ಲಿ ಬುಗ್ಗೆಯ ಬಾಯಿಗೆ ಬರಬಹುದು. ಅದಕ್ಕೇ ಬೃಹತ್ ಬಡಾವಣೆಗಳ ವಿರುದ್ಧ ಊರು ಎದ್ದಿತು. 1990ರ ಜೂನ್‌ನಲ್ಲಿ ನಗರಸಭೆಯ ಮುಂದೆ ಜನ ಇಡೀ ರಾತ್ರಿ ಸಾಲುಗಟ್ಟಿ ಮಾತನಾಡಿದರು. 1992ರಲ್ಲಿ ಮತದಾರರೇ ಬುಗ್ಗೆ ರಕ್ಷಣೆಯ ನಿಯಮವನ್ನು ಗೆಲ್ಲಿಸಿದರು. 1997ರಲ್ಲಿ ಅಲ್ಲಿನ ಪುಟ್ಟ ಸಾಲಮ್ಯಾಂಡರ್, ಹಲ್ಲಿಯ ಆಕಾರದ ಉಭಯಜೀವಿ, ಅಳಿವಿನಂಚಿನ ಪಟ್ಟಿಗೆ ಸೇರಿತು. ಕೊಳದ ನೀರಿಗೆ ಕ್ಲೋರಿನ್ ಹಾಕದಿರುವುದರಿಂದಲೇ ಅದೂ, ನೀವು ಕಂಡ ಮೀನೂ ಬದುಕಿರುವುದು.

ಇನ್ನೊಮ್ಮೆ ಹೋದಾಗ ಜಿಗಿಹಲಗೆಯ ಆಸುಪಾಸಿನ ನೀರಿಗೆ ಇಳಿದು ನೋಡಿ. ಪಾರ್ಥೀನಿಯಾ ಉಕ್ಕುವುದು ಆ ಕಡೆಯೇ. ಗುರುವಾರ ಮಾತ್ರ ಬೇಡ, ಅಂದು ಕೊಳವನ್ನು ಶುಚಿಗೊಳಿಸುತ್ತಾರೆ.