ಹಳೇ ಕಂಪ್ಯೂಟರ್ ರೌಟರ್ ಆಕ್ಕೈತೇನ್ರಿ?

ಪ್ರಶ್ನೆ: ಧಾರವಾಡದ ಸಪ್ತಾಪುರದಾಗ ನಮ್ದೊಂದು ಪಿಜಿ ಐತ್ರಿ, ಒಬ್ಬಾಂವ ಡೌನ್‌ಲೋಡ್ ಹಚ್ಚಿದ್ರ ಉಳಿದವರ ನೆಟ್ ಬಂದ್. 4 ಜಿಬಿ ರ್‍ಯಾಮಿನ ಹಳೇ ಡೆಸ್ಕ್‌ಟಾಪ್ ಸುಮ್ನ ಬಿದ್ದೈತಿ, ಅದನ್ನ ರೌಟರ್ ಮಾಡಬಹುದೇನ್ರಿ?

ಉತ್ತರ: ಆರಾಮ ಮಾಡಬಹುದ್ರಿ. ಓಪಿಎನ್‌ಸೆನ್ಸ್ ಅನ್ನೋ ರೌಟರ್ ಸಾಫ್ಟ್‌ವೇರ್ ಹಾಕ್ರಿ, ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಮ್ಯಾಲೆ ಕಟ್ಟಿದ್ದು, 2015ರಾಗ ಪಿಎಫ್‌ಸೆನ್ಸ್ ಅನ್ನೋ ಇಂಥದ್ದೇ ಸಾಫ್ಟ್‌ವೇರ್‌ನಿಂದ ಒಡದು ಬಂದಿದ್ದು, ಫುಕಟ ಸಿಗ್ತೈತಿ, ಪ್ರೊಸೆಸರ್ ಮಾತ್ರ 64 ಬಿಟ್ ಇರಬೇಕು. ಲ್ಯಾನ್ ಪೋರ್ಟ್ (ನೆಟ್ ವಾಯರ್ ಚುಚ್ಚೋ ಜಾಗ) ಎರಡು ಬೇಕ್ರಿ, ಒಂದು ಹೊರಗಿನ ಲೈನಿಗೆ, ಒಂದು ಪಿಜಿಗೆ; ಇನ್ನೊಂದು ಕಾರ್ಡ್ ತಗೊಳ್ಳೋದಾದ್ರ ಇಂಟೆಲ್ ಚಿಪ್ಪಿಂದು ತಗೋರಿ, ರಿಯಲ್‌ಟೆಕ್ ಆದ್ರ ಫ್ರೀಬಿಎಸ್‌ಡಿದಾಗ ಆಗಾಗ ತಕರಾರು ತಗೀತೈತಿ. ನಿಮ್ಮ ಖರೇ ಔಷಧ ಅಂದ್ರ ಓಪಿಎನ್‌ಸೆನ್ಸ್ ಒಳಗಿನ ಶೇಪರ್, ಅಂದ್ರ ನೆಟ್ ಸ್ಪೀಡಿಗೆ ಮಿತಿ ಹಾಕೋ ಸೌಲಭ್ಯ, ಲೈನ್ 100 ಎಂಬಿಪಿಎಸ್ ಇದ್ರ 90 ಅಂತ ಬರದು ಶೆಡ್ಯೂಲರ್‌ನಾಗ ಎಫ್‌ಕ್ಯೂ-ಕೋಡೆಲ್ (ಎಲ್ಲಾರಿಗೂ ಲೈನ್ ಸಮ ಹಂಚೋ ವಿಧಾನ) ಆರಿಸ್ರಿ. ವೈಫೈಗೆ ಈಗಿರೋ ರೌಟರ್‌ನ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗೆ ನೆಟ್ ವಿಳಾಸ ಕೊಡೋ ಕೆಲಸ) ಬಂದ್ ಮಾಡಿ, ಡೆಸ್ಕ್‌ಟಾಪಿಂದಕ್ಕ ತಾಗಲಾರ್ದಂಗ ಅದರ ಐಪಿ ವಿಳಾಸ ಬದಲಿ ಮಾಡಿ, ಡೆಸ್ಕ್‌ಟಾಪಿಂದ ಅದರ ಲ್ಯಾನ್ ಪೋರ್ಟಿಗೇ ವಾಯರ್ ಕೊಡ್ರಿ. ಡೆಸ್ಕ್‌ಟಾಪ್ ಇಡೀ ದಿನ ಓಡತೈತಿ, ಕರೆಂಟ್ ಬಿಲ್ ಸ್ವಲ್ಪ ಏರತೈತಿ ಮತ್ತ!