640 ಕೆಬಿಯೊಳಗೆ ಜಾಗ ಮಾಡುವುದು ಹೇಗೆ? ಹಳೆಯ ಡಾಸ್ ಆಟಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನಲ್ಲಿ ಇನ್ನೂ ಸುಸ್ಥಿತಿಯಲ್ಲಿರುವ 486 ಕಂಪ್ಯೂಟರ್ ಒಂದಿದೆ. ಅದರಲ್ಲಿ 16 ಎಂಬಿ ರ್‍ಯಾಮ್ ಮತ್ತು ಎಂಎಸ್-ಡಾಸ್ 6.22 (ಆದೇಶಗಳನ್ನು ಟೈಪ್ ಮಾಡಿ ನಡೆಸುವ ಮೈಕ್ರೋಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಮ್) ಇವೆ. ಆದರೂ ಒಂದು ಹಳೆಯ ಆಟವು ತನಗೆ 590 ಕೆಬಿ ಮೆಮೊರಿ ಬೇಕೆಂದೂ ಅಷ್ಟು ಸಿಗುತ್ತಿಲ್ಲವೆಂದೂ ತಿಳಿಸಿ ನಿಂತುಬಿಡುತ್ತದೆ. ಇಷ್ಟೆಲ್ಲ ಮೆಮೊರಿ ಇದ್ದೂ ಹೀಗೇಕೆ?

ಉತ್ತರ: ನಿಮ್ಮ ಆಟ ಕೇಳುತ್ತಿರುವುದು ಮೊದಲ 640 ಕೆಬಿಯೊಳಗಿನ ಖಾಲಿ ಜಾಗವನ್ನೇ ಹೊರತು ಬೇರೆಲ್ಲಿಯೋ ಇರುವ ಮೆಮೊರಿಯನ್ನಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರ್‌ಗೆ 20 ವಿಳಾಸ ತಂತಿಗಳಷ್ಟೇ ಇದ್ದುದರಿಂದ 1 ಎಂಬಿಯ ಆಚೆಗೆ ಏನಿದ್ದರೂ ಅದಕ್ಕೆ ಎಟುಕುತ್ತಿರಲಿಲ್ಲ. ಆ 1 ಎಂಬಿಯಲ್ಲಿಯೂ ಮೇಲಿನ 384 ಕೆಬಿಯನ್ನು ವಿಡಿಯೊ ಮೆಮೊರಿ, ಬಯಾಸ್ (ಯಂತ್ರ ಏಳುವಾಗ ಮೊದಲು ನಡೆಯುವ ಪ್ರೋಗ್ರಾಮ್) ಮುಂತಾದವುಗಳಿಗೆ ಮೀಸಲಿಟ್ಟರು. ಉಳಿದ 640 ಕೆಬಿಯೊಳಗೆ ಡಾಸ್, ಅದರ ಡ್ರೈವರ್‌ಗಳು (ಮೌಸ್‌ನಂತಹ ಸಾಧನಗಳನ್ನು ನಡೆಸುವ ಪುಟ್ಟ ಪ್ರೋಗ್ರಾಮ್‌ಗಳು) ಮತ್ತು ಬಳಕೆದಾರರ ಪ್ರೋಗ್ರಾಮ್ ಎಲ್ಲವೂ ಹೊಂದಿಕೊಳ್ಳಬೇಕಾಯಿತು. ಆಮೇಲೆ ಪ್ರೊಸೆಸರ್‌ಗಳು ಎಷ್ಟೇ ಬೆಳೆದರೂ, ಹಳೆಯ ಪ್ರೋಗ್ರಾಮ್‌ಗಳು ಕೆಡದಂತೆ ನಡೆಯಬೇಕೆಂಬ ಕಾರಣಕ್ಕೆ ಡಾಸ್ ಈ ಗಡಿಯನ್ನು ಹಾಗೆಯೇ ಉಳಿಸಿಕೊಂಡಿತು. ಆದ್ದರಿಂದ ನೀವು ಇನ್ನೊಂದು 16 ಎಂಬಿ ರ್‍ಯಾಮ್ ಸೇರಿಸಿದರೂ ಈ ಆಟಕ್ಕೆ ಒಂದು ಕೆಬಿಯೂ ಹೆಚ್ಚಿಗೆ ದೊರೆಯುವುದಿಲ್ಲ.

ಯಾವುದನ್ನೂ ತಿದ್ದುವ ಮೊದಲು ‘ಮೆಮ್ /ಸಿ /ಪಿ’ ಎಂಬ ಆದೇಶವನ್ನು ಕೊಟ್ಟು ನೋಡಿ. ಯಾವ ಡ್ರೈವರ್ ಎಲ್ಲಿ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಅದರಲ್ಲಿ ಬರುತ್ತದೆ. ಪಟ್ಟಿಯ ಕೊನೆಯಲ್ಲಿ, ನಡೆಸಬಹುದಾದ ಅತಿ ದೊಡ್ಡ ಪ್ರೋಗ್ರಾಮ್‌ನ ಗಾತ್ರವೆಂದು ತೋರಿಸುವ ಅಂಕಿಯೇ ನಿಮಗೆ ಮುಖ್ಯ. ಒಟ್ಟು ಖಾಲಿ ಮೆಮೊರಿ ಎಷ್ಟೆಂಬುದು ಇಲ್ಲಿ ಉಪಯೋಗಕ್ಕೆ ಬಾರದು.

ಕಂಪ್ಯೂಟರ್ ಏಳುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಕಡತದಲ್ಲಿ ಮೊದಲು ಹೈಮೆಮ್.ಸಿಸ್ ಇರಬೇಕು, ಅದರ ನಂತರ ಇಎಂಎಂ386.ಇಎಕ್ಸ್‌ಇ, ಜೊತೆಗೆ ‘ಡಾಸ್=ಹೈ,ಯುಎಂಬಿ’ ಎಂಬ ಸಾಲು. ಹೈಮೆಮ್ 1 ಎಂಬಿಯ ಆಚೆಗಿನ ಮೆಮೊರಿಯ ಬಾಗಿಲು ತೆರೆಯುತ್ತದೆ. ಗಡಿ ದಾಟಿದ ಕೂಡಲೇ ಸಿಗುವ ಸುಮಾರು 64 ಕೆಬಿಯ ತುಣುಕಿಗೆ ಡಾಸ್‌ನ ಬಹುಭಾಗ ಸ್ಥಳಾಂತರವಾಗುವುದರಿಂದ ಕೆಳಗೆ ಸುಮಾರು 45 ಕೆಬಿ ಬಿಡುವಾಗುತ್ತದೆ. ಇಎಂಎಂ386 ಮಾಡುವ ಕೆಲಸ ಇನ್ನೂ ಚಮತ್ಕಾರದ್ದು. ಮೀಸಲಾದ 384 ಕೆಬಿಯಲ್ಲಿ ಯಾರೂ ಬಳಸದೆ ಬಿಟ್ಟಿರುವ ವಿಳಾಸಗಳ ಹಿಂದೆ ಅದು ಮೇಲಿನ ರ್‍ಯಾಮ್‌ನ ತುಣುಕುಗಳನ್ನು ತಂದು ಜೋಡಿಸುತ್ತದೆ, ಆಗ ಡ್ರೈವರ್‌ಗಳನ್ನು ಅಲ್ಲಿಗೆ ಏರಿಸಬಹುದು (ಯುಎಂಬಿ ಎಂದರೆ ಈ ಜಾಗವೇ). ಆದರೆ ಅದರ ಸಾಲಿನಲ್ಲಿ ‘ನೊಇಎಂಎಸ್’ ಅಥವಾ ‘ರ್‍ಯಾಮ್’ ಎಂಬ ಸೂಚನೆ ಇಲ್ಲದಿದ್ದರೆ ಈ ಜಾಗ ಸಿದ್ಧವಾಗುವುದೇ ಇಲ್ಲ; ಬಹಳ ಮಂದಿ ಎಡವುವುದು ಇಲ್ಲಿಯೇ. ನಿಮ್ಮ ಆಟಕ್ಕೆ ಇಎಂಎಸ್ ಮೆಮೊರಿ (ಹೆಚ್ಚುವರಿ ಮೆಮೊರಿಯನ್ನು ಒಂದು ಕಿಂಡಿಯ ಮೂಲಕ ತುಣುಕು ತುಣುಕಾಗಿ ತೋರಿಸುವ ವ್ಯವಸ್ಥೆ) ಬೇಡವೆಂದಾದರೆ ‘ನೊಇಎಂಎಸ್’ ಬರೆಯಿರಿ. ಇಎಂಎಸ್‌ನ ಕಿಂಡಿಗೆಂದು ಹೋಗುತ್ತಿದ್ದ 64 ಕೆಬಿಯೂ ಆಗ ಡ್ರೈವರ್‌ಗಳಿಗೇ ದಕ್ಕುತ್ತದೆ.

ಇನ್ನು ಡ್ರೈವರ್‌ಗಳ ಸಾಲುಗಳಲ್ಲಿ ‘ಡಿವೈಸ್’ ಇರುವಲ್ಲಿ ‘ಡಿವೈಸ್‌ಹೈ’ ಎಂದು ಬದಲಿಸಿ. ಆದರೆ ಹೈಮೆಮ್ ಮತ್ತು ಇಎಂಎಂ386ಗಳ ಸಾಲುಗಳನ್ನು ಮುಟ್ಟಬೇಡಿ. ಕಾನ್ಫಿಗ್.ಸಿಸ್‌ನ ನಂತರ ತಾನಾಗಿ ನಡೆಯುವ ಆಟೋಎಕ್ಸೆಕ್.ಬ್ಯಾಟ್ ಕಡತದಲ್ಲಿ ಮೌಸ್, ಸಿಡಿ-ರಾಮ್ ಮೊದಲಾದವುಗಳ ಸಾಲಿನ ಮುಂದೆ ‘ಎಲ್‌ಎಚ್’ ಸೇರಿಸಿ. ಒಂದು ಡ್ರೈವರ್ ನೆಲೆಗೊಂಡ ಮೇಲೆ ಹಿಡಿಯುವ ಜಾಗಕ್ಕಿಂತ ಏರುವ ಗಳಿಗೆಯಲ್ಲಿ ಹೆಚ್ಚು ಜಾಗ ಕೇಳುವುದುಂಟು. ಆದುದರಿಂದ ದೊಡ್ಡವನ್ನು ಮೊದಲು, ಸಣ್ಣವನ್ನು ನಂತರ ಏರಿಸುವುದು ಒಳ್ಳೆಯದು. ಡಾಸ್ 6ರೊಂದಿಗೆ ಬಂದ ಮೆಮ್‌ಮೇಕರ್ ಈ ಅನುಕ್ರಮವನ್ನು ತಾನೇ ಲೆಕ್ಕಹಾಕಿ ಕೊಡುತ್ತದೆ. ಅದನ್ನು ಆರಂಭಕ್ಕೆ ಧಾರಾಳವಾಗಿ ಬಳಸಬಹುದು, ಆದರೆ ಅದು ಕೊಟ್ಟದ್ದೇ ಕೊನೆಯೆಂದು ನಾನು ಒಪ್ಪುವುದಿಲ್ಲ. ಬೇಡದ ಡ್ರೈವರನ್ನು ಕಿತ್ತುಹಾಕಬೇಕೆಂಬ ವಿವೇಕ ಅದಕ್ಕಿಲ್ಲ. ಆಟಕ್ಕೆ ಸಿಡಿ ಬೇಕಾಗಿಲ್ಲದಿದ್ದರೆ ಸಿಡಿಯನ್ನು ಓದಿಸುವ ಎಂಎಸ್‌ಸಿಡಿಎಕ್ಸ್ ಅನ್ನು ಏರಿಸುವ ಅಗತ್ಯವೇ ಇಲ್ಲ. ದಪ್ಪನೆಯ ಮೌಸ್ ಡ್ರೈವರ್‌ಗೆ ಬದಲಾಗಿ ಕ್ಯೂಟ್‌ಮೌಸ್ ಎಂಬ ಉಚಿತ ಡ್ರೈವರ್ ಹಾಕಿಕೊಂಡರೆ ಸುಮಾರು 3 ಕೆಬಿಯಲ್ಲಿ ಕೆಲಸ ಮುಗಿಯುತ್ತದೆ. ಕೊನೆಯ ಒಂದೆರಡು ಕೆಬಿಗಾಗಿ ಕಾನ್ಫಿಗ್.ಸಿಸ್‌ನಲ್ಲಿ ‘ಸ್ಟ್ಯಾಕ್ಸ್=0,0’ ಎಂದು ಬರೆದು ನೋಡಬಹುದು, ಯಂತ್ರ ಮುಗ್ಗರಿಸಿದರೆ ಆ ಸಾಲನ್ನು ತೆಗೆದುಬಿಡಿ.

ಕಂಪ್ಯೂಟರ್ ಏಳುವಾಗ ಎಫ್5 ಕೀಲಿ ಒತ್ತಿ ಎಲ್ಲ ಡ್ರೈವರ್‌ಗಳನ್ನೂ ತಪ್ಪಿಸಿದರೆ ಆಗದೆ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಿದಾಗ ಹೈಮೆಮ್ ಕೂಡ ತಪ್ಪಿಹೋಗಿ ಡಾಸ್ ಕೆಳಗೇ ಕೂತುಬಿಡುತ್ತದೆ. ಎಫ್8 ಒತ್ತಿ ಒಂದೊಂದು ಸಾಲಿಗೂ ಹೌದು, ಬೇಡ ಎನ್ನುತ್ತ ಹೋಗುವುದೇ ಮೇಲು.

ಪ್ರಶ್ನೆ: ಒಂದು ಆಟ ಇಎಂಎಸ್ ಬೇಕೇ ಬೇಕು ಎನ್ನುತ್ತದೆ, ಇನ್ನೊಂದು ಇಎಂಎಂ386 ಇದ್ದರೆ ತೆರೆದುಕೊಳ್ಳುವುದೇ ಇಲ್ಲ. ಎರಡಕ್ಕೂ ಸಲ್ಲುವ ಒಂದೇ ಏರ್ಪಾಡು ಇಲ್ಲವೇ?

ಉತ್ತರ: ಇಲ್ಲ, ಮತ್ತು ಅದನ್ನು ಹುಡುಕುತ್ತ ಕಾಲ ಕಳೆಯುವುದೂ ಬೇಡ. ಇಎಂಎಂ386 ಪ್ರೊಸೆಸರನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡು ಡಾಸನ್ನು ಒಂದು ಕಲ್ಪಿತ 8086ರೊಳಗೆ (8088ರ ಬಗೆಯದೇ ಪ್ರೊಸೆಸರ್) ನಡೆಸುತ್ತದೆ. 1992ರ ‘ಅಲ್ಟಿಮಾ 7’ರಂತಹ ಆಟ ಆ ಹಿಡಿತ ತನಗೇ ಬೇಕೆನ್ನುತ್ತದೆ, ಅದರ ಸ್ವಂತ ಮೆಮೊರಿ ವ್ಯವಸ್ಥೆಗೆ ಹೈಮೆಮ್ ಒಂದಿದ್ದರೆ ಸಾಕು. 1993ರ ‘ಡೂಮ್’ ಮತ್ತೊಂದು ಬಗೆಯದು: ಡಾಸ್ ಎಕ್ಸ್‌ಟೆಂಡರ್‌ನ (ಆಟವು ಆಚೆಗಿನ ಮೆಮೊರಿಯನ್ನು ನೇರವಾಗಿ ಬಳಸುವಂತೆ ಮಾಡುವ ಪ್ರೋಗ್ರಾಮ್) ನೆರವಿನಿಂದ 1 ಎಂಬಿಯ ಆಚೆಗೇ ಸಂಸಾರ ಹೂಡುವ ಈ ಆಟಕ್ಕೆ ಒಟ್ಟು 4 ಎಂಬಿ ಇರಬೇಕು, ಆದರೆ ಕೆಳಗಿನ ಒಂದೊಂದು ಕೆಬಿಗೂ ಅದು ಜಗಳವಾಡುವುದಿಲ್ಲ.

ಡಾಸ್ 6ರಿಂದ ಈಚೆಗೆ ಕಾನ್ಫಿಗ್.ಸಿಸ್‌ನಲ್ಲಿಯೇ ಆಯ್ಕೆಪಟ್ಟಿ ಮಾಡಿಕೊಳ್ಳಲು ಅವಕಾಶವಿದೆ. ಚೌಕ ಆವರಣದೊಳಗೆ ‘ಮೆನು’ ಎಂದು ಬರೆದು, ಕೆಳಗೆ ‘ಮೆನುಐಟಂ’ ಸಾಲುಗಳಲ್ಲಿ ಒಂದೊಂದು ಏರ್ಪಾಡಿಗೂ ಹೆಸರು ಕೊಟ್ಟು, ಆಯಾ ಹೆಸರಿನ ವಿಭಾಗದಲ್ಲಿ ಅದಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಬರೆಯಿರಿ. ಒಂದರಲ್ಲಿ ‘ನೊಇಎಂಎಸ್’, ಇನ್ನೊಂದರಲ್ಲಿ ‘ರ್‍ಯಾಮ್’, ಮೂರನೆಯದರಲ್ಲಿ ಹೈಮೆಮ್ ಮಾತ್ರ ಇದ್ದರೆ ಹೆಚ್ಚುಕಡಿಮೆ ಎಲ್ಲ ಆಟಗಳಿಗೂ ದಾರಿಯಾಗುತ್ತದೆ. ಆರಿಸಿದ ಹೆಸರು ‘ಕಾನ್ಫಿಗ್’ ಎಂಬ ಚರದಲ್ಲಿ ಉಳಿಯುವುದರಿಂದ, ಆಟೋಎಕ್ಸೆಕ್.ಬ್ಯಾಟ್ ಕೂಡ ‘ಗೋಟು’ ಬಳಸಿ ಅದೇ ಹೆಸರಿನ ಭಾಗಕ್ಕೆ ಹೋಗುವಂತೆ ಮಾಡಬಹುದು.

ಪ್ರಶ್ನೆ: ಬಹಳ ಶ್ರಮವಹಿಸಿ 620 ಕೆಬಿ ಬಿಡುಗಡೆ ಮಾಡಿಕೊಂಡೆ. ಈಗ, ಮೊದಲು ಚೆನ್ನಾಗಿಯೇ ನಡೆಯುತ್ತಿದ್ದ ಪುಟ್ಟ ಆಟವೊಂದು ‘ಪ್ಯಾಕ್ಡ್ ಫೈಲ್ ಕರಪ್ಟ್’ ಎನ್ನುತ್ತಿದೆ. ಕಡತ ಕೆಟ್ಟಿತೇ?

ಉತ್ತರ: ಕಡತ ಕೆಟ್ಟಿಲ್ಲ. ಗಾತ್ರ ಕುಗ್ಗಿಸಿ ಕಟ್ಟಿದ ಹಳೆಯ ಕೆಲವು ಪ್ರೋಗ್ರಾಮ್‌ಗಳು ತಮ್ಮನ್ನು ತಾವು ಬಿಚ್ಚಿಕೊಳ್ಳುವಾಗ, ಮೆಮೊರಿಯ ಮೊದಲ 64 ಕೆಬಿಯಲ್ಲಿ ಬೇರೆ ಏನಾದರೂ ಇದ್ದೇ ಇರುತ್ತದೆ ಎಂದು ನಂಬಿಕೊಂಡಿರುತ್ತವೆ. ಡಾಸನ್ನೂ ಡ್ರೈವರ್‌ಗಳನ್ನೂ ನೀವು ಮೇಲಕ್ಕೆ ಸಾಗಿಸಿದ್ದರಿಂದ ಆಟ ಆ ಜಾಗದಲ್ಲಿಯೇ ಇಳಿದಿದೆ. ಆಟದ ಹೆಸರಿನ ಮುಂದೆ ‘ಲೋಡ್‌ಫಿಕ್ಸ್’ ಎಂದು ಸೇರಿಸಿ ನಡೆಸಿ. ಈ ಪುಟ್ಟ ಉಪಕರಣ ಡಾಸ್ 5ರಿಂದಲೂ ಜೊತೆಗೇ ಬರುತ್ತಿದ್ದು, ಆಟವನ್ನು 64 ಕೆಬಿಯ ಆಚೆಗೆ ಇಳಿಸುತ್ತದೆ.

ಪ್ರಶ್ನೆ: 64 ಬಿಟ್ ವಿಂಡೋಸ್‌ನಲ್ಲಿ ಡಾಸ್‌ಬಾಕ್ಸ್ ಮೂಲಕ ಆಡುವವರಿಗೂ ಈ ಎಲ್ಲ ಕಸರತ್ತು ಬೇಕೇ?

ಉತ್ತರ: ಬಹುಮಟ್ಟಿಗೆ ಬೇಡ. 64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಮ್‌ಗಳನ್ನು ನೇರವಾಗಿ ನಡೆಸದ ಕಾರಣ ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಅನಿವಾರ್ಯ. ಮೌಸ್, ಸಿಡಿ, ಧ್ವನಿ ಎಲ್ಲವನ್ನೂ ಅದು ಹೊರಗಿನಿಂದಲೇ ನೋಡಿಕೊಳ್ಳುವುದರಿಂದ 640ರಲ್ಲಿ ಸುಮಾರು 630 ಕೆಬಿ ಆರಂಭದಲ್ಲಿಯೇ ಖಾಲಿ ಇರುತ್ತದೆ. ಆಟವೊಂದು ಇಎಂಎಸ್ ಕಂಡರೆ ಮುನಿಯುವಂತಿದ್ದರೆ, ಸೆಟ್ಟಿಂಗ್ಸ್ ಕಡತದ ಡಾಸ್ ವಿಭಾಗದಲ್ಲಿ ‘ಇಎಂಎಸ್’ ಎಂಬುದರ ಮುಂದೆ ‘ಫಾಲ್ಸ್’ ಎಂದು ಬರೆದರಾಯಿತು. ಎಕ್ಸ್‌ಎಂಎಸ್ (ಹೈಮೆಮ್ ತೆರೆಯುವ ಬಗೆಯ ಮೆಮೊರಿ) ಮತ್ತು ಯುಎಂಬಿಗಳಿಗೂ ಇಂಥದೇ ಸಾಲುಗಳಿವೆ. ‘ಲೋಡ್‌ಫಿಕ್ಸ್’ ಆದೇಶ ಅಲ್ಲಿಯೂ ಇದೆ. ‘ಮೆಮ್‌ಸೈಜ್’ ಅಂಕಿಯನ್ನು ಮಾತ್ರ ಸುಮ್ಮನೆ ಏರಿಸಬೇಡಿ: ಅದು ಹಿಗ್ಗಿಸುವುದು 1 ಎಂಬಿಯ ಆಚೆಗಿನ ಮೆಮೊರಿಯನ್ನು, ಮೊದಲೇ ಇರುವ 16 ಎಂಬಿ ಬಹುತೇಕ ಡಾಸ್ ಆಟಗಳಿಗೆ ಧಾರಾಳವಾಗಿ ಸಾಕಾಗುತ್ತದೆ.